ಹಬ್ಬವಿಲ್ಲದ ಮನೆಯೇ, ಎರಡು ಹಬ್ಬಗಳ ಮನೆಯೇ?

(ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಲ್ಲಿ ನಡೆದ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಗೆ ಕಾರಣವಾದುದು ಒಂದು ಸಣ್ಣ ಚೀಟಿ. ಅಕ್ಟೋಬರ್ 31ರಂದು ಮಕ್ಕಳು ಭೂತ, ಮಾಟಗಾತಿ, ಅಸ್ಥಿಪಂಜರಗಳ ವೇಷ ಧರಿಸಿ ಬರಬೇಕೆಂದು ಶಾಲೆಯೊಂದು ಹೆತ್ತವರಿಗೆ ಕಳುಹಿಸಿದ ಚೀಟಿ. ಅದನ್ನು ತಂದು ತೋರಿಸಿದ ತಾಯಿಯೊಬ್ಬರು, “ಬೇಡವೆಂದರೆ ಮಗು ಅಳುತ್ತದೆ, ಆಗಲಿ ಎಂದರೆ ಮನೆಯ ಹಿರಿಯರು ಮುನಿಯುತ್ತಾರೆ. ನೀವೂ ಇಂಥ ಮನೆಯಲ್ಲೇ ಬೆಳೆದವರಲ್ಲವೇ? ನಿಮಗೆ ಹೇಗಿತ್ತು?” ಎಂದು ಕೇಳಿದರು. ಆ ಪ್ರಶ್ನೆಯ ಎರಡನೆಯ ಭಾಗವೇ ನಮಗೆ ಮುಖ್ಯವೆನಿಸಿತು. ಮಾಡಬಹುದೇ, ಮಾಡಬಾರದೇ ಎಂಬುದನ್ನು ಹೇಳಲು ವಿದ್ವಾಂಸರಿದ್ದಾರೆ. ‘ಮಾಡದ’ ಮನೆಯಲ್ಲಿ ಬೆಳೆಯುವ ಮಗುವಿಗೆ ಏನಾಗುತ್ತದೆ ಎಂಬುದನ್ನು ಹೇಳುವವರು ಮಾತ್ರ ವಿರಳ.

ನಮ್ಮ ಬಾಲ್ಯದಲ್ಲಿ ಹ್ಯಾಲೋವೀನ್ ಎಂಬ ಪದವೇ ಈ ಬಡಾವಣೆಗೆ ಬಂದಿರಲಿಲ್ಲ. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ನವೆಂಬರ್ 2ರಂದು ಸಮಾಧಿಗಳ ಮೇಲೆ ಹೂವಿಟ್ಟು ಮೇಣದ ಬತ್ತಿ ಹಚ್ಚುವುದನ್ನು ನಾವು ನೋಡಿದ್ದೆವು. ಅದು ಸತ್ತವರಿಗಾಗಿ ಪ್ರಾರ್ಥಿಸುವ ದಿನ. ಅದರ ಹಿಂದಿನ ದಿನ ಸಂತರೆಲ್ಲರ ಸ್ಮರಣೆಯ ದಿನ. ಅದಕ್ಕೂ ಹಿಂದಿನ ಸಂಜೆಯೇ ಹ್ಯಾಲೋವೀನ್. ಆದರೆ ನಮ್ಮ ಕ್ರೈಸ್ತ ನೆರೆಯವರಾರೂ ಆ ಸಂಜೆ ಭೂತದ ಮುಖವಾಡ ಧರಿಸಿದ್ದನ್ನು ನಾವು ಕಂಡಿಲ್ಲ. ವೇಷ ಹಾಕಿ ಮನೆಮನೆಗೆ ಹೋಗಿ ಮಿಠಾಯಿ ಬೇಡುವ ಪದ್ಧತಿ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ಅಮೆರಿಕಕ್ಕೆ ಹೋಗಿ, ಅಲ್ಲಿ ವ್ಯಾಪಾರವಾಗಿ ಬೆಳೆದು, ಟಿ.ವಿ. ಮತ್ತು ಮಾಲ್‌ಗಳ ಮೂಲಕ ನಮ್ಮ ಅಪಾರ್ಟ್‌ಮೆಂಟ್‌ಗಳಿಗೆ ಇಳಿದದ್ದು. ಚರ್ಚಿಗೂ ಈ ವ್ಯಾಪಾರಕ್ಕೂ ಇರುವ ದೂರವನ್ನು ಅರಿಯದೆ ‘ಕ್ರೈಸ್ತರ ಹಬ್ಬ’ ಎಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ಇದು ನೆರೆಯವರಿಗೆ ಮಾಡುವ ಅನ್ಯಾಯ.

ಆದರೆ ಮಕ್ಕಳು, ಮಿಠಾಯಿ, ಬೆಂಕಿ, ಗೋರಿ ಎಲ್ಲವೂ ಒಂದೇ ರಾತ್ರಿಯಲ್ಲಿ ಸೇರುವ ಸಂದರ್ಭ ನಮ್ಮ ಬಾಲ್ಯದಲ್ಲೂ ಇತ್ತು. ಅದು ಶಬೇ ಬರಾಅತ್, ಶಅಬಾನ್ ತಿಂಗಳ ಹದಿನೈದನೆಯ ರಾತ್ರಿ. ಲಾಲ್‌ಬಾಗ್ ಮತ್ತು ಹೊಸೂರು ರಸ್ತೆಗಳ ನಡುವಿನ ಈ ಕ್ರಾಸುಗಳಲ್ಲಿ, ಅತ್ತ ಸಿದ್ದಾಪುರ, ಇತ್ತ ನೀಲಸಂದ್ರಗಳಲ್ಲಿ, ಮುಸ್ಲಿಮರ ಮನೆಗಳಿಂದ ಸಂಜೆಯ ಹೊತ್ತಿಗೆ ತುಪ್ಪದಲ್ಲಿ ರವೆ ಹುರಿಯುವ ಪರಿಮಳ ಬರುತ್ತಿತ್ತು. ಕಡಲೆಬೇಳೆಯ ಹಲ್ವಾ ತಟ್ಟೆಗಳಲ್ಲಿ ತುಂಬಿ ಮನೆಮನೆಗೆ ಹೋಗುತ್ತಿತ್ತು. ಮಗ್ರಿಬ್ ನಮಾಝಿನ ಬಳಿಕ ಹುಡುಗರ ಕೈಯಲ್ಲಿ ಸುರುಸುರು ಬತ್ತಿ. ಗಂಡಸರು ಗೋರಿಗಳಿಗೆ ಹೋಗುತ್ತಿದ್ದರು, ಹುಡುಗರು ಪಟಾಕಿ ಸಿಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಆ ಸಂಜೆಯೂ ಎಂದಿನ ಅನ್ನ, ಎಂದಿನ ಸಾರು.

ಪಟಾಕಿಯ ಈ ರೂಢಿ ನಿನ್ನೆ ಮೊನ್ನೆಯದಲ್ಲ. 1832ರಲ್ಲಿ ಹರ್ಕ್ಲಾಟ್ಸ್ ಎಂಬ ವೈದ್ಯರು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಜಾಫರ್ ಶರೀಫರ ‘ಕಾನೂನೆ ಇಸ್ಲಾಮ್’ ಎಂಬ ಗ್ರಂಥವು ದಖ್ಖನಿನ ಮುಸ್ಲಿಮರ ಆಚಾರಗಳನ್ನು ವಿವರಿಸುತ್ತದೆ. ಅದರಲ್ಲಿ ಈ ರಾತ್ರಿಯ ಬಾಣಬಿರುಸುಗಳ ವರ್ಣನೆಯಿದೆ. ಮೊಗಲರ ಕಾಲದ ಚಿತ್ರಗಳಲ್ಲೂ ಅದನ್ನು ಕಾಣಬಹುದು. ಅದರ ವಿರೋಧವೂ ಹಳೆಯದೇ. ಮೌಲಾನಾ ಅಶ್ರಫ್ ಅಲಿ ಥಾನ್ವಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಣ್ಣು ಮಕ್ಕಳಿಗಾಗಿ ಬರೆದ ‘ಬಹಿಶ್ತಿ ಝೇವರ್’ನಲ್ಲಿ ಈ ಪಟಾಕಿ ಮತ್ತು ಹಲ್ವಾದ ಕಡ್ಡಾಯವನ್ನು ಟೀಕಿಸಿದ್ದಾರೆ. ಆ ಪುಸ್ತಕ ನಮ್ಮ ಮನೆಯ ಕಪಾಟಿನಲ್ಲಿತ್ತು. ಆ ರಾತ್ರಿಯ ಆರಾಧನೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಕುರಿತ ಹದೀಸ್‌ಗಳಲ್ಲಿ ಅನೇಕವು ದುರ್ಬಲವೆಂದು ಕೆಲವರೂ, ಒಟ್ಟಾರೆ ಅದಕ್ಕೆ ಮಹತ್ವವಿದೆಯೆಂದು ಇನ್ನು ಕೆಲವರೂ ಹೇಳುತ್ತಾರೆ. ಪಟಾಕಿಗೆ ಆಧಾರವಿದೆಯೆಂದು ಹೇಳುವ ವಿದ್ವಾಂಸರನ್ನು ಮಾತ್ರ ನಾವು ಕಂಡಿಲ್ಲ.

ಇಷ್ಟೆಲ್ಲ ಇಂದು ತಿಳಿಯುತ್ತದೆ. ಎಂಟು ವರ್ಷದ ಮಗುವಿಗೆ ತಿಳಿಯುವುದೇನು? ಎದುರು ಮನೆಯ ಹುಡುಗನ ಕೈಯಲ್ಲಿ ಬೆಳಕಿದೆ, ತನ್ನ ಕೈಯಲ್ಲಿಲ್ಲ. ಅಷ್ಟೇ. ಚಾಂದ್ರಮಾನದ ಲೆಕ್ಕದಿಂದಾಗಿ ಕೆಲವು ವರ್ಷ ಈ ಸಂಕಟ ಇಮ್ಮಡಿಯಾಗುತ್ತಿತ್ತು. 2001ರಲ್ಲಿ ಶಬೇ ಬರಾಅತ್ ನವೆಂಬರ್ ಆರಂಭದ ಆಸುಪಾಸಿನಲ್ಲಿ ಬಂದಿತ್ತು. ಎರಡು ವಾರದೊಳಗೆ ದೀಪಾವಳಿ. ಒಂದು ಬೀದಿಯಲ್ಲಿ ಮುಗಿದ ಪಟಾಕಿ ಮುಂದಿನ ಬೀದಿಯಲ್ಲಿ ಆರಂಭ. ಅಂಥ ದಿನಗಳಲ್ಲಿ ಧಾರ್ಮಿಕ ಮನೆಗಳ ಮಕ್ಕಳು ಮಹಡಿಯ ಗೋಡೆಗೆ ಗಲ್ಲವಿಟ್ಟು ಇತರರ ಬೆಳಕನ್ನು ನೋಡುತ್ತಾ ನಿಂತಿರುತ್ತಿದ್ದರು. ನಾವು ಅವರಲ್ಲಿದ್ದೆವು. ದುಃಖವಾಗಲಿಲ್ಲ ಎಂದರೆ ಅದು ಸುಳ್ಳು.

ಆದರೆ ಅಂಥ ಮನೆಗಳೆಲ್ಲವೂ ಒಂದೇ ಬಗೆಯವಾಗಿರಲಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ನಮಗೆ ಪರಿಚಿತವಾದ ಒಂದು ಮನೆಯಲ್ಲಿ, ಬೀದಿಯಲ್ಲಿ ಸಿಡಿಯದೆ ಬಿದ್ದ ಪಟಾಕಿಯನ್ನು ಹೆಕ್ಕಿ ತಂದ ಹುಡುಗನಿಗೆ ತಂದೆ ಬೆಲ್ಟಿನಿಂದ ಹೊಡೆದರು. “ಏಕೆ?” ಎಂದು ಕೇಳಿದ್ದಕ್ಕೆ ಇನ್ನೆರಡು ಬಿದ್ದವು. ಆ ಹುಡುಗ ಬೆಳೆದು ದೊಡ್ಡವನಾದ ಮೇಲೆ ಪಟಾಕಿಯನ್ನು ಬಿಟ್ಟನೋ ಇಲ್ಲವೋ ತಿಳಿಯದು, ನಮಾಝನ್ನಂತೂ ಬಿಟ್ಟ. ನಮ್ಮ ಮನೆಯಲ್ಲಿ ಅಬ್ಬಾ ಹೊಡೆದವರಲ್ಲ. ಶಬೇ ಬರಾಅತ್ ಕಳೆದು ಜನಜಂಗುಳಿಯಿಲ್ಲದ ಒಂದು ದಿನ ನಮ್ಮನ್ನು ದಾದಿಯ ಗೋರಿಯ ಬಳಿಗೆ ಕರೆದೊಯ್ದು, “ಇವರಿಗೆ ಬೇಕಾದುದು ನಿಮ್ಮ ಪ್ರಾರ್ಥನೆ. ಅದಕ್ಕೆ ವರ್ಷದಲ್ಲಿ ಒಂದು ರಾತ್ರಿ ಎಂದಿಲ್ಲ” ಎಂದರು. ಬರುವಾಗ ಜಾನ್ಸನ್ ಮಾರ್ಕೆಟ್ ಬಳಿ ಬಿಸಿ ಸಮೋಸ ಕೊಡಿಸಿದರು. ನಿಜ ಹೇಳಬೇಕೆಂದರೆ, ಆ ವಯಸ್ಸಿನಲ್ಲಿ ಮಾತಿಗಿಂತ ಸಮೋಸವೇ ಹೆಚ್ಚು ನೆನಪುಳಿಯಿತು. ಮಾತು ನಿಧಾನವಾಗಿ ಕೆಲಸ ಮಾಡಿತು.

ಇಲ್ಲಿ ಒಂದು ಕಹಿ ಮಾತನ್ನು ಹೇಳಲೇಬೇಕಾಗಿದೆ. ಸುಧಾರಣೆಯ ಹೆಸರಿನಲ್ಲಿ ಆಚರಣೆಗಳನ್ನು ಒಂದೊಂದಾಗಿ ಕಳಚುವುದರಲ್ಲಿ ನಾವು ನಿಪುಣರು. ಶಬೇ ಬರಾಅತ್‌ನ ಹಲ್ವಾ ಬೇಡ, ಮುಹರ್ರಮ್‌ನ ಅಲಾಯಿ ಬೇಡ, ಉರೂಸಿನ ಜಾತ್ರೆ ಬೇಡ, ಹುಟ್ಟುಹಬ್ಬದ ಕೇಕು ಬೇಡ. ಸರಿ, ಕಾರಣಗಳಿವೆ. ಆದರೆ ಇವೆಲ್ಲವನ್ನು ಕಳಚಿದ ಮೇಲೆ ಮಗುವಿನ ಕೈಗೆ ಏನು ಕೊಟ್ಟೆವು? ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಅಲ್ಲಿನ ಜನರು ವರ್ಷಕ್ಕೆ ಎರಡು ದಿನ ಆಟವಾಡಿ ಸಂಭ್ರಮಿಸುತ್ತಿದ್ದರು. ಅವುಗಳ ಬದಲಿಗೆ ಅಲ್ಲಾಹನು ಇನ್ನೂ ಉತ್ತಮವಾದ ಎರಡು ದಿನಗಳನ್ನು, ಈದುಲ್ ಫಿತ್ರ್ ಮತ್ತು ಈದುಲ್ ಅಝ್‌ಹಾವನ್ನು ನೀಡಿರುವನೆಂದು ಅವರು ತಿಳಿಸಿದರು. ಗಮನಿಸಿರಿ, ಆ ಎರಡು ದಿನಗಳ ಜಾಗವನ್ನು ಅವರು ಖಾಲಿ ಬಿಡಲಿಲ್ಲ. ಈದಿನ ದಿನ ಹ. ಆಯಿಶಾ(ರ)ರ ಮನೆಯಲ್ಲಿ ಇಬ್ಬರು ಬಾಲಕಿಯರು ಹಾಡುತ್ತಿದ್ದಾಗ ಹ. ಅಬೂಬಕರ್(ರ) ಗದರಿದರು. ಪ್ರವಾದಿ(ಸ)ರು ಅವರನ್ನೇ ತಡೆದರು. ಹಬಶೀಗಳು ಮಸೀದಿಯಲ್ಲಿ ಈಟಿಯ ಆಟವಾಡುತ್ತಿದ್ದಾಗ ಹ. ಆಯಿಶಾ(ರ) ತಮಗೆ ಸಾಕೆನಿಸುವವರೆಗೂ ಪ್ರವಾದಿ(ಸ)ರ ಹೆಗಲ ಹಿಂದಿನಿಂದ ನೋಡಿದರು, ಅವರು ಅಷ್ಟು ಹೊತ್ತೂ ನಿಂತೇ ಇದ್ದರು. ನಮ್ಮ ಎಷ್ಟು ಮನೆಗಳಲ್ಲಿ ಇಂದು ಈದ್ ಹೀಗಿದೆ? ಈದ್‌ಗಾಹದಿಂದ ಬಂದು ಶೀರ್ ಕುರ್ಮ ಕುಡಿದು ಗಂಡಸರು ಮಲಗುತ್ತಾರೆ. ಹೆಂಗಸರು ರಾತ್ರಿಯವರೆಗೂ ಒಲೆಯ ಮುಂದೆ. ಮಕ್ಕಳು ಈದೀ ಹಣ ಹಿಡಿದು ಮೊಬೈಲಿನ ಮುಂದೆ. ವರ್ಷಕ್ಕೆ ಎರಡೇ ಹಬ್ಬ, ಅವೂ ಮಧ್ಯಾಹ್ನದ ನಿದ್ದೆಗೆ ಮುಗಿದರೆ ಮಗು ಮೂರನೆಯದನ್ನು ಹುಡುಕಿಕೊಂಡು ಹೋಗದೆ ಇನ್ನೇನು ಮಾಡೀತು?

ಇನ್ನು ನೆರೆಮನೆಯ ವಿಷಯ. ನಾವು ದೀಪಾವಳಿಯ ಪೂಜೆಗೆ ಕೂರಲಿಲ್ಲ. ಆದರೆ ಪಕ್ಕದ ಮನೆಯ ಅಕ್ಕ ಯುಗಾದಿಗೆ ಒಬ್ಬಟ್ಟು ಕಳುಹಿಸುತ್ತಿದ್ದರು. ಅದು ನೈವೇದ್ಯಕ್ಕೆ ಇಟ್ಟದ್ದಲ್ಲ ಎಂದು ಅವರೇ ಹೇಳಿ ಕಳುಹಿಸುತ್ತಿದ್ದರು, ನಾವು ಕೇಳಿದ್ದಿಲ್ಲ. ರಮಝಾನ್ ಹಬ್ಬಕ್ಕೆ ಅಮ್ಮೀ ಅವರ ಮನೆಗೆ ಬೇಯಿಸದ ಶ್ಯಾವಿಗೆ, ಸಕ್ಕರೆ, ಗೋಡಂಬಿ, ಒಣದ್ರಾಕ್ಷಿಯನ್ನು ಕಟ್ಟಿ ಕಳುಹಿಸುತ್ತಿದ್ದರು. ಏಕೆಂದರೆ ಮಾಂಸ ಬೇಯಿಸುವ ಅಡುಗೆ ಮನೆಯ ಪಾತ್ರೆಯಲ್ಲಿ ಮಾಡಿದ್ದನ್ನು ಅವರು ತಿನ್ನುವುದಿಲ್ಲ. ಅವರು ತಿನ್ನದಿರುವುದನ್ನು ನಾವು ಅವಮಾನವೆಂದು ತಿಳಿಯಲಿಲ್ಲ, ‘ಪ್ರತ್ಯೇಕತೆ’ ಎಂದೂ ಕರೆಯಲಿಲ್ಲ. ಅದು ಅವರ ನಂಬಿಕೆ. ಬೆಂಗಳೂರಿನಲ್ಲಿ ಲಕ್ಷಾಂತರ ಜನರು ನೆರೆಯವರ ಮನೆಯಲ್ಲಿ ಊಟ ಮಾಡದೆಯೇ ಅವರೊಂದಿಗೆ ಪ್ರೀತಿಯಿಂದ ಬಾಳುತ್ತಿದ್ದಾರೆ. ಹಾಗಾದರೆ ಮುಸ್ಲಿಮ್ ಮಗುವೊಂದು ಆರತಿ ತಟ್ಟೆಯ ಮುಂದೆ ಕೈಮುಗಿಯದಿದ್ದಾಗ ಮಾತ್ರ ಅದೇಕೆ ದೇಶಪ್ರೇಮದ ಪ್ರಶ್ನೆಯಾಗಬೇಕು?

ಈ ಪ್ರಶ್ನೆಗೆ ನಮ್ಮ ಸಂವಿಧಾನ ಎಂದೋ ಉತ್ತರಿಸಿದೆ. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಓದುವವರನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೋ ಪೂಜೆಗೋ ಹಾಜರಾಗುವಂತೆ ಬಲವಂತ ಮಾಡಬಾರದೆಂದು 28ನೆಯ ವಿಧಿಯ 3ನೆಯ ಖಂಡ ಹೇಳುತ್ತದೆ. ಪಕ್ಕದ ಕೇರಳದ ಒಂದು ಪ್ರಕರಣವನ್ನಂತೂ ಪ್ರತಿ ಹೆತ್ತವರೂ ತಿಳಿದಿರಬೇಕು. 1985ರಲ್ಲಿ ಅಲ್ಲಿ ಮೂವರು ಒಡಹುಟ್ಟಿದ ಮಕ್ಕಳನ್ನು ಶಾಲೆಯಿಂದ ಹೊರಹಾಕಲಾಯಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ಆ ಪಂಥದವರು ಹುಟ್ಟುಹಬ್ಬವನ್ನಾಗಲಿ, ಕ್ರಿಸ್ಮಸ್ಸನ್ನಾಗಲಿ ಆಚರಿಸುವುದಿಲ್ಲ. ಆ ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. 1986ರ ಆಗಸ್ಟ್‌ನಲ್ಲಿ ಬಿಜೋ ಇಮ್ಯಾನುವೆಲ್ ಪ್ರಕರಣವೆಂದೇ ಪ್ರಸಿದ್ಧವಾದ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ಮಕ್ಕಳ ಪರವಾಗಿ ನಿಂತರು, ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಆ ನಂಬಿಕೆ ನ್ಯಾಯಾಧೀಶರಿಗೆ ಸರಿಯೆನಿಸುತ್ತದೆಯೇ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ, ಅದು ಪ್ರಾಮಾಣಿಕವೇ ಎಂಬುದು ಮುಖ್ಯವಾಯಿತು. ನಾವು ರಾಷ್ಟ್ರಗೀತೆಯನ್ನು ಹಾಡುವವರು, ಅದರಲ್ಲಿ ನಮಗೆ ಅಡ್ಡಿಯಿಲ್ಲ. ಆದರೂ ಹಾಡದ ಆ ಮೂವರು ಮಕ್ಕಳು ನಮ್ಮ ಮಕ್ಕಳಿಗೂ ಒಂದು ನೆರಳನ್ನು ಗಳಿಸಿಕೊಟ್ಟಿದ್ದಾರೆ.

2022ರ ವಸಂತವನ್ನು ನೆನಪಿಸಿಕೊಳ್ಳಿರಿ. ಕರಾವಳಿಯಿಂದ ಆರಂಭಿಸಿ ರಾಜ್ಯದ ಹಲವೆಡೆ ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಬಾರದೆಂಬ ಬ್ಯಾನರುಗಳು ಎದ್ದವು. ‘ನೀವು ನಮ್ಮ ದೇವರನ್ನು ಪೂಜಿಸುವುದಿಲ್ಲ, ಹಾಗಾಗಿ ಇಲ್ಲಿ ಬಳೆ ಮಾರಬೇಡಿ’ ಎಂಬುದು ವಾದ. ಪೂಜಿಸದಿರುವುದು ಒಬ್ಬನ ನಂಬಿಕೆ, ಬಳೆ ಮಾರುವುದು ಅವನ ಮಕ್ಕಳ ಅನ್ನ. ಇವೆರಡನ್ನು ಬೇಕೆಂದೇ ಒಂದು ಮಾಡಲಾಯಿತು. ಅದೇ ವರ್ಷ ಬೆಂಗಳೂರು ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಬಾರದೆಂದೂ ಕೆಲವರು ಒತ್ತಾಯಿಸಿದರು. ದರ್ಗಾಗಳಲ್ಲಿ ನಡೆಯುವ ಅನೇಕ ಆಚರಣೆಗಳನ್ನು ನಾವು ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಧರ್ಮರಾಯಸ್ವಾಮಿ ದೇವಸ್ಥಾನದವರು ಆ ಒತ್ತಡಕ್ಕೆ ಮಣಿಯದೆ ಹಳೆಯ ರೂಢಿಯಂತೆ ಕರಗವನ್ನು ದರ್ಗಾಕ್ಕೆ ತಂದಾಗ ಈ ನಗರದ ಮುಸ್ಲಿಮರು ನೆಮ್ಮದಿಯ ಉಸಿರು ಬಿಟ್ಟರು. ನಾವೂ ಬಿಟ್ಟೆವು.

ನಮ್ಮವರಲ್ಲೂ ಕೆಲವು ಭಾಷಣಕಾರರು ಹೊರಟಿದ್ದಾರೆ. ನೆರೆಯವರ ಹಬ್ಬದ ದಿನ ಅವರ ಯೋಗಕ್ಷೇಮ ವಿಚಾರಿಸುವುದೂ ಪಾಪವೆನ್ನುತ್ತಾರೆ. ನಮ್ಮೊಂದಿಗೆ ಕಾದಾಡದ, ನಮ್ಮನ್ನು ಮನೆಗಳಿಂದ ಹೊರದಬ್ಬದ ಜನರಿಗೆ ಒಳಿತು ಮಾಡುವುದನ್ನೂ ನ್ಯಾಯ ಪಾಲಿಸುವುದನ್ನೂ ಅಲ್ಲಾಹನು ತಡೆಯುವುದಿಲ್ಲವೆಂಬ ಮುಮ್ತಹಿನಃ ಅಧ್ಯಾಯದ ಬೋಧನೆಯನ್ನು ಅವರು ಯಾವ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದಾರೋ ತಿಳಿಯದು. ದೀಪಾವಳಿಯಲ್ಲಿ ಪಟಾಕಿ ತಗುಲಿದ ಮಗುವನ್ನು ಮಿಂಟೋ ಕಣ್ಣಾಸ್ಪತ್ರೆಗೆ ಒಯ್ಯಲು ಆಟೋ ಬೇಕಾದಾಗ, ಪಕ್ಕದ ಮನೆಯ ಆಟೋ ಚಾಲಕ ಆ ಹಬ್ಬ ತನ್ನದೋ ಅಲ್ಲವೋ ಎಂದು ಯೋಚಿಸುತ್ತಾ ಕೂರುವುದುಂಟೇ?

ಚೀಟಿ ತಂದ ತಾಯಿಗೆ ನಾವು ಹೇಳಿದ್ದಿಷ್ಟು. ಶಿಕ್ಷಕಿಗೆ ನಾಲ್ಕು ಸಾಲಿನ ಪತ್ರ ಬರೆಯಿರಿ. ‘ನಮ್ಮ ಮನೆಯಲ್ಲಿ ಈ ರೂಢಿಯಿಲ್ಲ, ಮಗು ಮಾಮೂಲಿ ಉಡುಪಿನಲ್ಲಿ ಬರುತ್ತದೆ’ ಎಂದು. ಜಗಳ ಬೇಡ, ಫತ್ವಾ ಲಗತ್ತಿಸುವುದೂ ಬೇಡ. ಮಗುವನ್ನು ಹೊಟ್ಟೆನೋವಿನ ನೆಪ ಹೇಳಿ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಹಾಗೆ ಮಾಡಿದರೆ ಅದು ಕಲಿಯುವುದು ಧರ್ಮವನ್ನಲ್ಲ, ಸುಳ್ಳನ್ನು. ವೇಷ ಹಾಕಿದ ಗೆಳೆಯರನ್ನು ಗೇಲಿ ಮಾಡಬಾರದೆಂದೂ ಹೇಳಿ ಕಳುಹಿಸಿರಿ. ಮುಂದಿನ ಈದಿಗೆ ಆ ಗೆಳೆಯರಲ್ಲಿ ನಾಲ್ವರನ್ನಾದರೂ ಮನೆಗೆ ಕರೆಯಿರಿ. ಅಂದು ಅವರ ತಂದೆ ಮಧ್ಯಾಹ್ನ ಮಲಗದಂತೆ ನೋಡಿಕೊಳ್ಳಿರಿ.

ಸಭೆಯ ಆರಂಭದಲ್ಲಿ ಹಿರಿಯರೊಬ್ಬರು ಚೀಟಿಯಲ್ಲಿ ಬರೆದು ಕೇಳಿದ್ದರು. ನಾವು ಮಾಡದಿದ್ದರೂ ಮಾಡುವವರು ಶಬೇ ಬರಾಅತ್‌ನ ಹಲ್ವಾ ಕಳುಹಿಸಿದರೆ ಏನು ಮಾಡಬೇಕೆಂದು. ತಿನ್ನುವ ಬಗ್ಗೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿರಿ, ನಾವು ಮುಫ್ತಿಗಳಲ್ಲ. ನಮ್ಮ ಮನೆಯ ರೂಢಿಯನ್ನಷ್ಟೇ ಹೇಳಬಲ್ಲೆವು. ಅಮ್ಮೀ ಆ ಹಲ್ವಾವನ್ನು ಬಾಗಿಲಲ್ಲಿ ಎಂದೂ ಹಿಂದಿರುಗಿಸಲಿಲ್ಲ. ತಂದ ಹುಡುಗಿಯ ತಲೆ ನೇವರಿಸಿ ತೆಗೆದುಕೊಳ್ಳುತ್ತಿದ್ದರು. ಮರುದಿನ ತಟ್ಟೆಯನ್ನು ತೊಳೆದು, ಬರಿದಾಗಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಮರಳಿಸುತ್ತಿದ್ದರು.