ಆಟ ಆಡಿ, ಬರೆದಿಡಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇಂಜಿನಿಯರ್ ಬಂದಾನ, ಕಂಪ್ಯೂಟರ್ ಬಗ್ಗೆ ಹೇಳ್ತಾನ ಅಂತ ನೀವು ಕೂತಿರಬಹುದು. ನಾನು ಚೆಸ್ ಬಗ್ಗೆ ಮಾತಾಡುತ್ತೇನೆ. ಗಡಿ ಆಚೆ ಮರಾಠಿಯವರು ಇದಕ್ಕೆ ಬುದ್ಧಿಬಳ ಅನ್ನುತ್ತಾರೆ, ಒಳ್ಳೆಯ ಹೆಸರು.

1988ರಲ್ಲಿ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರಿಗೆ 18 ವರ್ಷ. ನಮ್ಮ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ನಡುವೆ 29 ವರ್ಷ! ಪಕ್ಕದ ಚೆನ್ನೈಯಲ್ಲಿ ಹುಡುಗರು ಸಾಲುಸಾಲಾಗಿ ಬಿರುದು ಪಡೆಯುತ್ತಿದ್ದಾಗ ನಾವು ನೋಡುತ್ತಾ ಇದ್ದೆವು.

ಈ ಬಿರುದು ಸುಮ್ಮನೆ ಬರುವುದಿಲ್ಲ. ರೇಟಿಂಗ್ 2500 ಮುಟ್ಟಬೇಕು. ಅದರ ಜೊತೆ ಗ್ರ್ಯಾಂಡ್‌ಮಾಸ್ಟರ್‌ಗಳೂ ಪರದೇಶದವರೂ ಆಡುವ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಮೂರು ಸಲ 2600ರ ಮಟ್ಟದ ಆಟ ತೋರಿಸಬೇಕು. ಅದಕ್ಕೆ ನಾರ್ಮ್ ಅನ್ನುತ್ತಾರೆ. ಪಂದ್ಯಾವಳಿಗೆ ಹೋಗಲು ರೊಕ್ಕ ಬೇಕು, ರಜೆ ಬೇಕು. ತೇಜ್‌ಕುಮಾರ್ ರೈಲ್ವೆ ನೌಕರರು. ಬಿರುದು ಬರುವಾಗ ಅವರಿಗೆ ಮೂವತ್ತು ದಾಟಿತ್ತು. ಹನ್ನೆರಡು, ಹದಿಮೂರರ ಪೋರರು ಗ್ರ್ಯಾಂಡ್‌ಮಾಸ್ಟರ್ ಆಗುವ ಈ ಕಾಲದಲ್ಲಿ ನನಗೆ ಹೆಚ್ಚು ಹಿಡಿಸುವುದು ಇವರ ಕಥೆಯೇ. ನೌಕರಿ ಮಾಡುವವರಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಈಗ ಆನಂದ್ ಅವರ 2010ರ ಒಂದು ಪಂದ್ಯ ಹೇಳಬೇಕು. ಬಲ್ಗೇರಿಯಾದ ಸೋಫಿಯಾದಲ್ಲಿ ವೆಸೆಲಿನ್ ಟೊಪಲೋವ್ ಎದುರು ವಿಶ್ವ ಚಾಂಪಿಯನ್‌ಶಿಪ್. ಅದೇ ಹೊತ್ತಿಗೆ ಐಸ್‌ಲ್ಯಾಂಡಿನಲ್ಲಿ ಜ್ವಾಲಾಮುಖಿ ಸಿಡಿದು, ಬೂದಿಯಿಂದ ಯುರೋಪಿನ ವಿಮಾನಗಳೆಲ್ಲ ನಿಂತವು. ಆನಂದ್ ಫ್ರಾಂಕ್‌ಫರ್ಟ್‌ನಿಂದ ಸುಮಾರು 40 ಗಂಟೆ ರಸ್ತೆಯಲ್ಲೇ ಹೋದರು. ಮೂರು ದಿನ ಮುಂದೂಡಿ ಎಂದು ಕೇಳಿದರೆ ಸಿಕ್ಕಿದ್ದು ಒಂದೇ ದಿನ. ಮೊದಲ ಆಟದಲ್ಲಿ, ತಯಾರಿ ಮಾಡಿಕೊಂಡಿದ್ದ ನಡೆಗಳ ಕ್ರಮವೇ ತಪ್ಪಿ ಸೋತರು. ಅಷ್ಟು ದೊಡ್ಡ ನೆನಪಿನ ಮನುಷ್ಯ! ಮರುದಿನವೇ ಗೆದ್ದರು. ಕೊನೆಗೆ ಹನ್ನೆರಡನೆಯ ಆಟದಲ್ಲಿ ಕಪ್ಪು ಕಾಯಿ ಹಿಡಿದು ಗೆದ್ದು, ಆರೂವರೆ-ಐದೂವರೆಯಲ್ಲಿ ಕಿರೀಟ ಉಳಿಸಿಕೊಂಡರು.

ಆನಂದ್ ಲೇಖಕರೂ ಹೌದು. ತಮ್ಮ ಉತ್ತಮ ಆಟಗಳನ್ನು ವಿವರಿಸಿ 1998ರಲ್ಲಿ ಒಂದು ಪುಸ್ತಕ ತಂದರು. 2019ರಲ್ಲಿ ಪತ್ರಕರ್ತೆ ಸೂಸನ್ ನೈನನ್ ಜೊತೆ ‘ಮೈಂಡ್ ಮಾಸ್ಟರ್’ ಎಂಬ ಆತ್ಮಕಥೆ ಬರೆದರು. ಅದರಲ್ಲಿ ಸೋಲುಗಳನ್ನೂ ಮುಚ್ಚಿಟ್ಟಿಲ್ಲ. ನೋಡಿದರೆ ಚೆಸ್ ಆಡುವವರೆಲ್ಲ ಸ್ವಲ್ಪ ಲೇಖಕರೇ. ದೀರ್ಘ ಅವಧಿಯ ಪಂದ್ಯಗಳಲ್ಲಿ ತನ್ನ ನಡೆ, ಎದುರಾಳಿಯ ನಡೆ ಎರಡನ್ನೂ ಹಾಳೆಯಲ್ಲಿ ಬರೆಯಲೇಬೇಕು, ನಿಯಮವೇ ಹಾಗಿದೆ. ಕ್ರಿಕೆಟ್ಟಿನಲ್ಲಿ ಸ್ಕೋರ್ ಬರೆಯಲು ಬೇರೆಯವನು ಇರುತ್ತಾನೆ, ಇಲ್ಲಿ ಸೋಲುವವನೂ ತನ್ನ ಸೋಲನ್ನು ತಾನೇ ಬರೆಯಬೇಕು.

ಮಕ್ಕಳೇ, ನಿಮ್ಮ ಅಪ್ಪನ ಮೊಬೈಲಿನಲ್ಲಿ ಹಾಕಬಹುದಾದ ಚೆಸ್ ಪ್ರೋಗ್ರಾಂ ಇವತ್ತು ವಿಶ್ವ ಚಾಂಪಿಯನ್ನನನ್ನೂ ಸೋಲಿಸುತ್ತದೆ. ಎಲ್ಲಿ ತಪ್ಪಿದಿರಿ ಅಂತಲೂ ತೋರಿಸುತ್ತದೆ. ಆದರೆ ಆ ಕುದುರೆಯನ್ನು ಅಲ್ಲಿ ಯಾಕೆ ಇಟ್ಟಿರಿ, ಆಗ ತಲೆಯಲ್ಲಿ ಏನಿತ್ತು, ಇದು ಅದಕ್ಕೆ ಗೊತ್ತಿಲ್ಲ. ಅದನ್ನು ನೀವೇ ಬರೆಯಬೇಕು. ಮೆಹಕರದಲ್ಲಿ ಕೋಚ್ ಇಲ್ಲ ಅನ್ನುತ್ತೀರಿ, ನಿಜ. ಪೆನ್ನು, ನೋಟ್‌ಬುಕ್ ಇವೆಯಲ್ಲ?

ನಮ್ಮ ಬ್ಯಾಚಿನವರು ಸೇರಿ ಆರು ಬೋರ್ಡು, ಎರಡು ಗಡಿಯಾರ ತಂದಿದ್ದೇವೆ. ಪ್ರತಿ ಬೋರ್ಡಿನ ಜೊತೆ ಒಂದು ದಪ್ಪ ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ 64 ಮನೆಗಳ ಹೆಸರು, ನಡೆ ಬರೆಯುವ ವಿಧಾನ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಬೋರ್ಡನ್ನು ಹೆಡ್‌ಮಾಸ್ಟರ್ ಸರ್ ಕಪಾಟಿನಲ್ಲಿಟ್ಟು ಬೀಗ ಹಾಕಬಾರದು ಎಂದು ಎಲ್ಲರ ಮುಂದೆ ಕೈಮುಗಿದು ಕೇಳುತ್ತೇನೆ. ಕಾಯಿ ಕಳೆದರೆ ಫೋನ್ ಮಾಡಿ, ಬೇರೆ ಕಳಿಸುತ್ತೇವೆ. ಮುಂದಿನ ಸಲ ಊರಿಗೆ ಬಂದಾಗ ನಾನು ಮೊದಲು ಕೇಳುವುದು ಆ ನೋಟ್‌ಬುಕ್ಕುಗಳನ್ನೇ.