ವಿದ್ಯುತ್ ವಾಹನ ಚಾರ್ಜಿಂಗ್ ಕೇಂದ್ರ: ನಗರಗಳ ನಿಯಮ, ನಮ್ಮ ನಿರ್ಣಯ

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸ)



ಮೈಸೂರು–ಬೆಂಗಳೂರು ಹೆದ್ದಾರಿಯು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ ಹಾಗೂ ಆಟೋಗಳಿಗೆ ಅದರ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ಅವು ಸಂಚರಿಸಬೇಕಾದುದು ಸರ್ವಿಸ್ ರಸ್ತೆಯಲ್ಲಿ, ಅಂದರೆ ನಮ್ಮ ಗ್ರಾಮಗಳ ಮಗ್ಗುಲಲ್ಲಿ. ವಿದ್ಯುತ್ ಸ್ಕೂಟರ್, ಆಟೋಗಳಿಗೆ ಚಾರ್ಜಿಂಗ್ ಕೇಂದ್ರ ತೆರೆಯಲು ಅರ್ಜಿ ಬಂದಾಗ ನಾವು ಯಾವ ನಿಯಮವನ್ನು ಅನುಸರಿಸಬೇಕು ಎಂಬುದೇ ಇಂದಿನ ವಿಷಯ.

ಮೊದಲು ನೆರೆಯ ನಗರಗಳನ್ನು ಹೋಲಿಸೋಣ. ಮೈಸೂರು, ಮಂಡ್ಯಗಳಿಗೆ ವಿದ್ಯುತ್ ಪೂರೈಸುವುದು ಸೆಸ್ಕ್. ಚನ್ನಪಟ್ಟಣ, ರಾಮನಗರ, ಬೆಂಗಳೂರುಗಳಿಗೆ ಬೆಸ್ಕಾಂ. ಹೀಗಾಗಿ ಸಂಪರ್ಕದ ಅರ್ಜಿ ಸಲ್ಲಿಸುವ ಕಚೇರಿ ಬೇರೆ. ಆದರೆ ಎರಡೂ ಕಂಪನಿಗಳ ದರ ನಿಗದಿಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅದು ವಾಹನ ಚಾರ್ಜಿಂಗ್‌ಗೆ ಪ್ರತ್ಯೇಕ ದರ ವರ್ಗವನ್ನೇ ರಚಿಸಿದೆ.

ಕಟ್ಟಡ ಮತ್ತು ನಿಲುಗಡೆಯ ನಿಯಮಗಳು ಸ್ಥಳೀಯವಾದವು. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳು ನಿಲುಗಡೆ ಸಾಮರ್ಥ್ಯದ ಶೇ. 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು ಸೂಚಿಸಿದವು. ಅದು ಮಾದರಿ ಮಾತ್ರ; ನಗರದ ನಿಯಮವು ತಾನಾಗಿಯೇ ಗ್ರಾಮಕ್ಕೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಕಟ್ಟಡ ನಿರ್ಮಾಣದ ನಿಯಂತ್ರಣಕ್ಕೆ ಆಧಾರ 1993ರ ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣ.

ಎರಡನೆಯದು ಪರವಾನಗಿ. ಚಾರ್ಜಿಂಗ್ ಒಂದು ಸೇವೆ. ಅದಕ್ಕೆ ವಿದ್ಯುಚ್ಛಕ್ತಿ ಅಧಿನಿಯಮ 2003ರ ಲೈಸೆನ್ಸ್ ಅಗತ್ಯವಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಆದಕಾರಣ ವಿದ್ಯುತ್ ಮಾರಾಟದ ಲೈಸೆನ್ಸ್ ಇಲ್ಲವೆಂದು ಅರ್ಜಿ ತಿರಸ್ಕರಿಸುವುದು ಸಲ್ಲದು. ತನ್ನ ಮನೆಯ ಸಂಪರ್ಕದಲ್ಲಿ ಸ್ವಂತ ವಾಹನ ಚಾರ್ಜ್ ಮಾಡಿಕೊಳ್ಳುವವನಿಗೂ ಅಡ್ಡಿಯಿಲ್ಲ.

ಮೂರನೆಯದು ಆದಾಯ. ಸರ್ಕಾರಿ ಜಮೀನನ್ನು ಕೇಂದ್ರಕ್ಕೆ ಒದಗಿಸಿದಾಗ ಯೂನಿಟ್‌ಗೆ 1 ರೂಪಾಯಿ ಪಾಲು ಪಡೆಯುವ ಮಾದರಿಯನ್ನು 2022ರ ಕೇಂದ್ರ ಮಾರ್ಗಸೂಚಿ ನೀಡಿದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ 20 ಸ್ಕೂಟರ್‌ಗಳು ತಲಾ 3 ಯೂನಿಟ್ ಬಳಸಿದರೆ ತಿಂಗಳಿಗೆ ಬರುವುದು 1,800 ರೂಪಾಯಿ, 10 ಕಾರುಗಳು ತಲಾ 20 ಯೂನಿಟ್ ಬಳಸಿದರೆ 6,000 ರೂಪಾಯಿ. ದೊಡ್ಡ ವರಮಾನದ ಆಸೆಗೆ ಸಾರ್ವಜನಿಕ ಜಾಗವನ್ನು ದೀರ್ಘಾವಧಿಗೆ ಬಿಟ್ಟುಕೊಡುವ ಮುನ್ನ ಈ ಲೆಕ್ಕ ಸಭೆಯ ಮುಂದಿರಲಿ.

ಆದುದರಿಂದ ಅರ್ಜಿ ಬರುವ ಮೊದಲೇ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳುವುದು ಸೂಕ್ತ. ಸ್ಥಳವು ಬಸ್ ತಂಗುದಾಣ, ಶಾಲಾ ದ್ವಾರ, ಚರಂಡಿಗಳಿಗೆ ಅಡ್ಡಿಯಾಗಬಾರದು. ಅರ್ಥಿಂಗ್, ಮಳೆನೀರಿನಿಂದ ರಕ್ಷಣೆ, ಅಗ್ನಿಶಾಮಕ ಸಾಧನ ಇರಬೇಕು. ದರಪಟ್ಟಿಯನ್ನು ಕನ್ನಡದಲ್ಲಿ ಪ್ರದರ್ಶಿಸಬೇಕು. ಒಪ್ಪಂದಕ್ಕೆ ಅವಧಿ ನಿಗದಿಯಾಗಬೇಕು. ಷರತ್ತುಗಳು ಮೊದಲೇ ಲಿಖಿತವಾಗಿದ್ದರೆ ಅರ್ಜಿದಾರನು ಯಾರ ಮನೆ ಬಾಗಿಲಿಗೂ ಅಲೆಯಬೇಕಾಗಿಲ್ಲ. ಸದಸ್ಯರ ಮೇಲೆ ಪಕ್ಷಪಾತದ ಆರೋಪವೂ ಬರುವುದಿಲ್ಲ.