ತೆಂಗಿನ ಸೀಮೆಗೆ ಉದ್ಯಮ ಪೋಷಣಾ ಕೇಂದ್ರ ಏಕೆ, ಹೇಗೆ?

(ಅಮ್ಮಸಂದ್ರದಲ್ಲಿ ತೆಂಗು ಬೆಳೆಗಾರರಿಗೆ ನೀಡಿದ ಉಪನ್ಯಾಸದ ಪಠ್ಯ)



ಕೋಳಿ ಸಾಕಿದವರಿಗೆ ಕಾವಿನ ಪೆಟ್ಟಿಗೆ ಹೊಸದಲ್ಲ. ತಾಯಿಕೋಳಿ 21 ದಿನ ಕುಳಿತು ಮಾಡುವ ಕೆಲಸವನ್ನು ಆ ಪೆಟ್ಟಿಗೆ ಬಿಸಿ, ತೇವಗಳನ್ನು ಹದವಾಗಿಟ್ಟು ಮಾಡುತ್ತದೆ. ಅದರ ಇನ್‌ಕ್ಯುಬೇಟರ್ ಎಂಬ ಹೆಸರನ್ನೇ ಈಗ ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ತೆರೆಯುತ್ತಿರುವ ಒಂದು ಬಗೆಯ ಕೇಂದ್ರಕ್ಕೆ ಕೊಡಲಾಗಿದೆ. ಕನ್ನಡದಲ್ಲಿ ಉದ್ಯಮ ಪೋಷಣಾ ಕೇಂದ್ರ ಎನ್ನಬಹುದು. ಹೊಸದಾಗಿ ಕಸುಬು ಹೂಡುವವರಿಗೆ ಯಂತ್ರ, ಪ್ರಯೋಗಾಲಯ, ಲೆಕ್ಕಪತ್ರದ ತಿಳುವಳಿಕೆ, ಕೊಳ್ಳುವವರ ಪರಿಚಯ ಇವುಗಳನ್ನು ಒಂದೇ ಸೂರಿನಡಿ ಒದಗಿಸಿ, ಅವರು ಕಾಲೂರಿದ ಮೇಲೆ ಹೊರಗೆ ಕಳಿಸುವುದು ಇದರ ಕೆಲಸ. ಮರಿಯಾದ ಮೇಲೂ ಪೆಟ್ಟಿಗೆಯಲ್ಲೇ ಇಟ್ಟರೆ ಮರಿ ಉಳಿಯುವುದಿಲ್ಲವಷ್ಟೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದರ ಅಗತ್ಯವೇನು ಎಂಬುದನ್ನು ಮೊದಲು ಕಾಯಿಯ ಲೆಕ್ಕದಿಂದಲೇ ನೋಡೋಣ. ಇಲ್ಲಿಯ ಕಾಯಿ ಎಂಟರಿಂದ ಹನ್ನೆರಡು ತಿಂಗಳು ಅಟ್ಟದ ಮೇಲಿದ್ದು, ಒಳಗೇ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಒಂದು ಕ್ವಿಂಟಲಿಗೆ ಸುಮಾರು 600ರಿಂದ 700 ಕಾಯಿ ಬೇಕು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅಂದರೆ ಕಾಯಿಯೊಂದಕ್ಕೆ 17ರಿಂದ 20 ರೂಪಾಯಿ. ಕೀಳುವ, ಸಾಗಿಸುವ, ಸುಲಿಯುವ, ಚಿಪ್ಪು ಒಡೆಯುವ ಕೂಲಿ ಇದರಲ್ಲೇ ಕಳೆಯಬೇಕು. ವರ್ಷವಿಡೀ ಹಣ ಅಟ್ಟದ ಮೇಲೆ ಕುಳಿತದ್ದಕ್ಕೆ ಬಡ್ಡಿಯನ್ನು ಯಾರೂ ಲೆಕ್ಕ ಹಾಕುವುದಿಲ್ಲ. 2023ರಲ್ಲಿ ಪೇಟೆಯ ಧಾರಣೆ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿಯಿತು. 2025ರಲ್ಲಿ ಅದರ ಎರಡರಷ್ಟನ್ನೂ ಮೀರಿತು. ಏರಿದಾಗ ಅನೇಕರ ಅಟ್ಟ ಖಾಲಿಯಾಗಿತ್ತು ಎಂಬುದು ಬೇರೆ ಮಾತು. ಒಂದೇ ಸರಕು, ಒಂದೇ ಪೇಟೆ ನೆಚ್ಚಿಕೊಂಡ ಸಂಸಾರಕ್ಕೆ ಇಂಥ ಏರಿಳಿತ ತಡೆಯುವುದು ಕಷ್ಟ.

ಹಾಗೆಂದು ಎಲ್ಲರೂ ನಾಳೆಯೇ ಎಣ್ಣೆ ಯಂತ್ರ ತರತಕ್ಕದ್ದಲ್ಲ. ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಬೇಕು. ಹಸಿ ತಿರುಳಿನಿಂದ ತೆಗೆಯುವ ಶುದ್ಧ ಎಣ್ಣೆಗೂ ತೆಂಗಿನ ಚಿಪ್ಸಿಗೂ ಹೊಸ ಕಾಯಿ ಬೇಕು. ಅಟ್ಟದಲ್ಲಿ ಒಣಗಿದ ಕಾಯಿ ಬರುವುದಿಲ್ಲ. ಆದ್ದರಿಂದ ಕಾಯಿ ಕೀಳಿಸುವ ದಿನವೇ ಎಷ್ಟು ಅಟ್ಟಕ್ಕೆ, ಎಷ್ಟು ಕಾರ್ಖಾನೆಗೆ ಎಂದು ನಿರ್ಧರಿಸಬೇಕಾಗುತ್ತದೆ. ಧಾರಣೆ ಏರಿದ ವರ್ಷ ಕಾಯಿ ಕೊಂಡು ಚಿಪ್ಸು ಮಾಡುವವನಿಗೆ ಗಿಟ್ಟುವುದಿಲ್ಲ. ಅದೇ ಮಟ್ಟೆ ಮತ್ತು ಚಿಪ್ಪಿನ ಕಸುಬಿಗೆ ಈ ತೊಡಕಿಲ್ಲ. ಕೊಬ್ಬರಿ ಯಾವ ಬೆಲೆಗಾದರೂ ಹೋಗಲಿ, ಮಟ್ಟೆಯೂ ಚಿಪ್ಪೂ ಮನೆಯಂಗಳದಲ್ಲೇ ಉಳಿಯುತ್ತವೆ. ನೂರು ಕಿಲೋ ಚಿಪ್ಪು ಸುಟ್ಟರೆ ಸುಮಾರು 30 ಕಿಲೋ ಇದ್ದಿಲು ಸಿಗುತ್ತದೆ. ಅದರಿಂದ ತಯಾರಾಗುವ ಕ್ರಿಯಾಶೀಲ ಇಂಗಾಲವನ್ನು ನೀರು ಶುದ್ಧೀಕರಣಕ್ಕೆ ಬಳಸುತ್ತಾರೆ. ಆದರೆ ಇದ್ದಿಲಿನಲ್ಲಿ ತೇವವೆಷ್ಟು, ಬೂದಿಯೆಷ್ಟು ಎಂಬ ಪರೀಕ್ಷೆಯ ಚೀಟಿ ಇಲ್ಲದೆ ಒಳ್ಳೆಯ ಬೆಲೆ ಕೇಳಲಾಗದು. ಒಬ್ಬ ರೈತ ಪ್ರಯೋಗಾಲಯ ಕಟ್ಟಲಾರ. ಕಾಲೇಜಿನಲ್ಲಿ ಅದು ಇದ್ದೇ ಇರುತ್ತದೆ. ಪೋಷಣಾ ಕೇಂದ್ರದ ನಿಜವಾದ ಉಪಯೋಗ ಇಲ್ಲಿದೆ.

ಇದಕ್ಕೆ ಮಾದರಿಗಳು ದೂರವೇನಿಲ್ಲ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಕಡೆ ಕೃಷಿ ಉದ್ಯಮ ಪೋಷಣಾ ಘಟಕವಿದೆ. ಚಿಪ್ಸು, ಹಸಿ ತಿರುಳಿನ ಎಣ್ಣೆ, ಹೊಂಬಾಳೆಯ ರಸವನ್ನು ಹುಳಿಯದಂತೆ ತಂಪು ಪೆಟ್ಟಿಗೆಯಲ್ಲಿ ಸಂಗ್ರಹಿಸಿದ ಕಲ್ಪರಸ, ಇವುಗಳ ವಿಧಾನವನ್ನು ಅಲ್ಲಿ ರೂಪಿಸಿ ಉದ್ಯಮಿಗಳಿಗೆ ಕಲಿಸಲಾಗಿದೆ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ 2018–19ರಿಂದ ಕೈಗೊಂಡ ಉದ್ಯಮ ಪೋಷಣೆಯ ಕಾರ್ಯಕ್ರಮಕ್ಕೆ ದೇಶದ ಐದು ಮಾರ್ಗದರ್ಶಿ ಸಂಸ್ಥೆಗಳಲ್ಲಿ ಒಂದಾಯಿತು. ಆ ಕಾರ್ಯಕ್ರಮದಲ್ಲಿ ಎರಡು ತಿಂಗಳ ತರಬೇತಿಗೆ ತಿಂಗಳಿಗೆ 10,000 ರೂಪಾಯಿ, ಆರಂಭದ ಹಂತದ ಯೋಜನೆಗೆ 5 ಲಕ್ಷದವರೆಗೆ, ಮುಂದಿನ ಹಂತಕ್ಕೆ 25 ಲಕ್ಷದವರೆಗೆ ನೆರವು ಎಂದು ಗೊತ್ತುಮಾಡಲಾಗಿತ್ತು.

ಇವೆರಡಕ್ಕಿಂತ ಹಳೆಯದು ಉಜಿರೆಯದು. 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಅಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ತೆರೆದವು. ಕೆಲಸವಿಲ್ಲದ ಹಳ್ಳಿಯ ಯುವಕರಿಗೆ ಕೆಲವು ದಿನ ತರಬೇತಿ ಕೊಟ್ಟು, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸಿ, ಆಮೇಲೂ ಬೆನ್ನು ಬಿಡದೆ ವಿಚಾರಿಸುವುದು ಅದರ ಪದ್ಧತಿ. ಈ ಮಾದರಿಯನ್ನೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಿಂದ ದೇಶದ ಜಿಲ್ಲೆಗಳಿಗೆ ಹರಡಿತು. ಕಟ್ಟಡಕ್ಕಿಂತ ಈ ಬೆನ್ನು ಬಿಡದಿರುವುದೇ ಹೆಚ್ಚು ಬೆಲೆಯುಳ್ಳದ್ದು. ಯಂತ್ರ ಕೆಟ್ಟು ನಿಲ್ಲುವುದು, ಕೊಂಡವನು ಹಣ ಕೊಡದಿರುವುದು ತರಬೇತಿಯ ಕಾಲದಲ್ಲಲ್ಲ. ಆರು ತಿಂಗಳ ನಂತರ.

ಉದ್ಯಮ ಎಂದರೆ ಮಾಲೀಕನೊಬ್ಬನೇ ಅಲ್ಲ. ಮರ ಹತ್ತುವವರು ಸಿಗದೆ ಕಾಯಿ ತಾನಾಗಿ ಉದುರಲೆಂದು ಕಾಯುವ ತೋಟಗಳು ಎಷ್ಟಿಲ್ಲ? ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ 'ತೆಂಗಿನ ಮರದ ಗೆಳೆಯರು' ಕಾರ್ಯಕ್ರಮದಲ್ಲಿ ಯುವಕ ಯುವತಿಯರಿಗೆ ಯಂತ್ರದ ಸಹಾಯದಿಂದ ಮರ ಹತ್ತುವುದು, ಸುಳಿ ಶುಚಿ ಮಾಡುವುದು, ಕೀಟ ಗುರುತಿಸುವುದು ಇವುಗಳನ್ನು ಆರು ದಿನಗಳಲ್ಲಿ ಕಲಿಸಲಾಯಿತು. ಇಲ್ಲಿಯ ಕಾಲೇಜೊಂದು ಪೋಷಣಾ ಕೇಂದ್ರ ತೆರೆದರೆ ಇಂಥ ಕಲಿಕೆಯೂ ಅದರ ಅಂಗವಾಗಬೇಕು. ಕೊಬ್ಬರಿ ಬಿಡಿಸುವ ಹೆಣ್ಣುಮಕ್ಕಳ ಕೈಚಳಕ ಯಾವ ಪದವಿಗೂ ಕಡಿಮೆಯಿಲ್ಲ. ಅವರಿಗೂ ಅಲ್ಲಿ ಪ್ರವೇಶವಿರಬೇಕು. ಅರ್ಜಿ ನಮೂನೆ ಕನ್ನಡದಲ್ಲಿರತಕ್ಕದ್ದು. ತರಗತಿ ಸಂಜೆಯ ಹೊತ್ತಿಗಾದರೆ ಒಳ್ಳೆಯದು. ಬರಿಯ ಕಂಪ್ಯೂಟರಿನ ಕೋಣೆ ಕಟ್ಟಿ ಫಲಕ ತೂಗಿದರೆ ತೆಂಗಿನವರಿಗೆ ಅದರಿಂದ ಲಾಭವಿಲ್ಲ.

ಸಹಾಯಧನದ ಬಗೆಗೆ ಒಂದು ಎಚ್ಚರಿಕೆ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಬಂಡವಾಳದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವೆಂದು ನಿಗದಿಯಾಗಿತ್ತು. ಉಳಿದ ಶೇಕಡ 65 ಕೈಹಣ ಮತ್ತು ಸಾಲವೆಂಬುದನ್ನು ಮರೆಯಬಾರದು. ಆ ಸಾಲಕ್ಕೆ ತೋಟದ ಪಹಣಿ ಹಿಡಿದು ಹೊರಡುವ ಮೊದಲು, ಬೇರೆಯವರ ಯಂತ್ರದಲ್ಲಿ ಬಾಡಿಗೆ ಕೊಟ್ಟು ಒಂದು ಹಂಗಾಮು ಸರಕು ತಯಾರಿಸಿ ಮಾರಿ ನೋಡುವುದು ಕ್ಷೇಮ. ಪೋಷಣಾ ಕೇಂದ್ರವಿದ್ದರೆ ಇದು ಸಾಧ್ಯ.

ಅಂಥ ಕೇಂದ್ರ ಹತ್ತಿರಕ್ಕೆ ಬರುವವರೆಗೆ, ತಿಪಟೂರು ಬಳಿಯ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಹೋಗುವಾಗ ಒಂದು ಹಾಳೆಯಲ್ಲಿ ಕೆಲವು ವಿವರ ಬರೆದುಕೊಂಡು ಹೋಗಿ: ಪ್ರತಿ ಕೀಳಿಗೆ ಎಷ್ಟು ಕಾಯಿ, ಮಟ್ಟೆ ಮತ್ತು ಚಿಪ್ಪು ಈಗ ಎಲ್ಲಿಗೆ, ಯಾವ ಬೆಲೆಗೆ ಹೋಗುತ್ತಿದೆ, ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಎಷ್ಟು ಗಂಟೆ ಇರುತ್ತದೆ, ಮನೆಯಲ್ಲಿ ದಿನವೂ ಕಸುಬಿನ ಮುಂದೆ ನಿಲ್ಲುವವರು ಯಾರು. ಆಹಾರ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿಯ ಬಗೆಗೂ ಆಗಲೇ ಕೇಳಿಕೊಳ್ಳುವುದು ಮೇಲು.